ಹಿಂದಿನ ಸೀಟಿನ ನಿದ್ದೆ

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಅಣ್ಣನ ವ್ಯಾನು ಬಂದು ನಿಂತಾಗ, ಅವಳು ತಲೆ ಎತ್ತುವ ಮೊದಲೇ ಅದರ ಸದ್ದು ಸರಿಯಿಲ್ಲ ಎಂದುಕೊಂಡಳು. ಹದಿನಾಲ್ಕು ವರ್ಷದಿಂದ ಗಾಡಿಗಳ ಬಾಲಕ್ಕೆ ಕೊಳವೆ ತೂರಿಸಿ ಹೊಗೆ ಅಳೆಯುತ್ತ ಬಂದವಳು. ಪಕ್ಕದ ಮನೆಯವರ ಕೆಮ್ಮು ಕೇಳಿಯೇ ಇದು ಯಾರದ್ದು ಎಂದು ಹೇಳುವ ಹಾಗೆ, ಇಂಜಿನ್ನಿನ ಸದ್ದು ಕೇಳಿದರೆ ಅವಳಿಗೆ ಗಾಡಿಯ ಅರ್ಧ ಕಥೆ ತಿಳಿದುಬಿಡುತ್ತಿತ್ತು. ಅಣ್ಣನ ವ್ಯಾನು ಮೊದಲು ಹೀಗೆ ಗೊರಗೊರ ಅನ್ನುತ್ತಿರಲಿಲ್ಲ.

ಅವಳ ತಪಾಸಣಾ ಕೇಂದ್ರವೆಂದರೆ ಪೆಟ್ರೋಲ್ ಬಂಕಿಗೆ ಒತ್ತಿಕೊಂಡ ಒಂದು ತಗಡಿನ ಕೋಣೆ. ಒಳಗೆ ಒಂದು ಮೇಜು, ಕಂಪ್ಯೂಟರು, ನಂಬರ್ ಪ್ಲೇಟಿನ ಫೋಟೋ ತೆಗೆಯುವ ಕ್ಯಾಮೆರಾ, ಸೂಟ್‌ಕೇಸಿನ ಗಾತ್ರದ ಮೀಟರು. ಮೀಟರಿನಿಂದ ಹೊರಟ ರಬ್ಬರ್ ಪೈಪು ಬಾಗಿಲು ದಾಟಿ ಅಂಗಳದವರೆಗೆ ಹರಿದಿರುತ್ತಿತ್ತು. ಅದರ ತುದಿಗೆ ಮೊಳದುದ್ದದ ಉಕ್ಕಿನ ಕೊಳವೆ. ಡ್ರೈವರುಗಳೆಲ್ಲ ಅವಳನ್ನು ‘ಮೀಟರಕ್ಕ’ ಎಂದೇ ಕರೆಯುತ್ತಿದ್ದರು. ಮೀಟರಕ್ಕನ ಹತ್ತಿರ ಬೇಳೆ ಬೇಯುವುದಿಲ್ಲ ಎಂಬ ಹೆಸರೂ ಇತ್ತು. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ. ಆದರೆ ಆರು ತಿಂಗಳಿಂದ ಯಾರಾದರೂ ಆ ಮಾತು ಆಡಿದರೆ ಅವಳಿಗೆ ಎಲ್ಲೋ ಚುಚ್ಚಿದಂತಾಗುತ್ತಿತ್ತು.

ಅಣ್ಣ ಇಳಿದು ಬಂದ. ಅವಳಿಗಿಂತ ಎಂಟು ವರ್ಷ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ಅವಳ ಶಾಲೆಯ ಚೀಲವನ್ನೂ ಮನೆಯ ಭಾರವನ್ನೂ ಒಟ್ಟಿಗೇ ಹೊತ್ತವನು. ಈಗ ಶಾಲೆಯ ವ್ಯಾನು ಓಡಿಸುತ್ತಾನೆ. ಬೆಳಗ್ಗೆ ಸಂಜೆ ಹನ್ನೊಂದು ಮಕ್ಕಳು.

“ಬೇಗ ಹಾಕಿಕೊಡೇ. ಮೂರೂವರೆಗೆ ಶಾಲೆ ಬಿಡುತ್ತೆ. ಸರ್ಟಿಫಿಕೇಟು ನಾಳೆಗೆ ಮುಗಿಯುತ್ತೆ” ಎಂದು ಹಣೆ ಉಜ್ಜಿಕೊಂಡ.

“ತಲೆನೋವಾ?”

“ಇದ್ದಿದ್ದೇ ಬಿಡು. ಬಿಸಿಲು, ಟ್ರಾಫಿಕ್ಕು.”

ಬಿಸಿಲೇ ಇರಲಿಲ್ಲ. ಮೂರು ದಿನದಿಂದ ಚಳಿಗಾಳಿ ಬೀಸುತ್ತಿತ್ತು. ರಸ್ತೆ ಅಗೆದು ಹಾಕಿದ್ದರಿಂದ ಗಾಳಿಯ ತುಂಬ ಕೆಂಧೂಳು.

ಅವಳು ಕೊಳವೆಯನ್ನು ವ್ಯಾನಿನ ಸೈಲೆನ್ಸರಿಗೆ ಪೂರ್ತಿ ತೂರಿಸಿ ಒಳಗೆ ಬಂದು ಕೂತಳು. ಮೀಟರಿನ ಅಂಕಿ ಏರತೊಡಗಿತು. ಅವಳು ಎಲ್ಲಕ್ಕಿಂತ ಮೊದಲು ನೋಡುವುದು ಕಾರ್ಬನ್ ಮಾನಾಕ್ಸೈಡನ್ನು. ಡ್ರೈವರುಗಳ ಬಾಯಲ್ಲಿ ಅದು ಬರೀ ‘ಸಿಒ’. ವಾಸನೆಯಿಲ್ಲದ, ಬಣ್ಣವಿಲ್ಲದ ವಿಷ. ಅದು ನೂರಕ್ಕೆ ಅರ್ಧ ದಾಟಬಾರದು. ಅರ್ಧ ದಾಟಿತು. ಒಂದು, ಎರಡೂವರೆ, ಮೂರೂ ಮುಕ್ಕಾಲು. ನಾಲ್ಕು ಪಾಯಿಂಟ್ ಎರಡಕ್ಕೆ ಬಂದು ನಿಂತಿತು.

ಹೋದ ಸಲ ಇದೇ ವ್ಯಾನು ಪಾಯಿಂಟ್ ಒಂಬತ್ತು ತೋರಿಸಿತ್ತು. ಆಗಲೂ ಫೇಲೇ. ಅಣ್ಣ ಆವತ್ತು, “ಇವತ್ತೊಂದು ದಿನ ನೋಡ್ಕೊಳ್ಳೇ, ನಾಳೆಯಿಂದ ಮಕ್ಕಳಿಗೆ ಪರೀಕ್ಷೆ, ಗಾಡಿ ನಿಲ್ಲಿಸೋ ಹಾಗಿಲ್ಲ” ಎಂದಿದ್ದ. ಅವಳು ಎದ್ದು ಹೋಗಿ ಕೊಳವೆಯನ್ನು ಒಂದು ಗೇಣು ಹೊರಗೆಳೆದಿದ್ದಳು. ಅಷ್ಟೇ. ಹೊಗೆಗೆ ಹೊರಗಿನ ಗಾಳಿ ಬೆರೆಯಿತು, ಅಂಕಿ ಪಾಯಿಂಟ್ ನಾಲ್ಕಕ್ಕೆ ಇಳಿಯಿತು, ಪ್ರಿಂಟರು ಸರ್ಟಿಫಿಕೇಟು ಉಗುಳಿತು. “ಸರಿಮಾಡಿಸ್ಕೋ ಅಣ್ಣ, ಮರೀಬೇಡ” ಎಂದಿದ್ದಳು. ಹದಿನಾಲ್ಕು ವರ್ಷದಲ್ಲಿ ಅದೊಂದೇ ಸಲ.

“ಏನಾಯ್ತು?” ಎಂದ ಅಣ್ಣ ಬಾಗಿಲಿಂದ.

ಅವಳು ಟಾರ್ಚು ತೆಗೆದುಕೊಂಡು ವ್ಯಾನಿನ ಅಡಿಗೆ ತೂರಿದಳು. ಇಂಜಿನ್ನಿನಿಂದ ಬರುವ ಪೈಪಿನ ನಡುವೆ ಹೊಟ್ಟೆ ಉಬ್ಬಿದ ಒಂದು ಡಬ್ಬಿ ಇರಬೇಕಿತ್ತು. ಅದೇ ಕನ್ವರ್ಟರು. ಅದರೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕಿಂಡಿಗಳು. ಹೊಗೆ ಅದರಲ್ಲಿ ಹಾದುಬಂದರೆ ವಿಷದ ಬಹುಪಾಲು ಅಲ್ಲೇ ಸುಟ್ಟುಹೋಗುತ್ತದೆ. ಈಗ ಆ ಜಾಗದಲ್ಲಿ ನೆಟ್ಟನೆಯ ಖಾಲಿ ಪೈಪು. ಅದರ ಎರಡು ತುದಿಗೂ ಗಂಟು ಗಂಟಾಗಿ ವೆಲ್ಡಿಂಗು. ಹಿಂದಿನ ತುದಿಯ ವೆಲ್ಡಿಂಗಿನ ಮೇಲುಗಡೆ, ವ್ಯಾನಿನ ತಳದ ತಗಡಿಗೆ, ಬೀಸಣಿಗೆ ಬಿಚ್ಚಿದ ಹಾಗೆ ಮಸಿ ಹಿಡಿದಿತ್ತು. ಅವಳ ಕಣ್ಣಿಗೆ ಬಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ತಲೆಗೆ ಏರಿದ್ದು ಸಿಟ್ಟು ಮಾತ್ರ.

“ಕನ್ವರ್ಟರ್ ಎಲ್ಲಿ?” ಎದ್ದು ನಿಂತು ಕೇಳಿದಳು.

ಅಣ್ಣನ ಮುಖ ಹುಳ್ಳಗಾಯಿತು. “ನೀನೇ ತಾನೇ ಸರಿಮಾಡಿಸು ಅಂದಿದ್ದು? ಗ್ಯಾರೇಜಿನ ಮೇಸ್ತ್ರಿ ಹತ್ರ ಹೋದೆ. ಗಾಡಿ ಏರು ಹತ್ತೋಕೆ ಏದುಸಿರು ಬಿಡ್ತಿತ್ತು. ಊರಾಚೆಯ ಬಂಕಲ್ಲಿ ಹಾಕಿಸ್ತಿದ್ನಲ್ಲ, ಆ ಪೆಟ್ರೋಲಲ್ಲಿ ಏನೇನೋ ಬೆರೆಸಿದ್ರಂತೆ. ಬಂಕಿಗೆ ಆಮೇಲೆ ಬೀಗ ಬಿತ್ತು. ಅಷ್ಟರಲ್ಲಿ ಈ ಡಬ್ಬಿ ಒಳಗೆಲ್ಲ ಕರಗಿ ಕಟ್ಕೊಂಡುಬಿಟ್ಟಿತ್ತು. ಮೂಗಿಗೆ ಹತ್ತಿ ತುರುಕಿದ ಹಾಗಾಗಿದೆ, ತೆಗೆದುಬಿಡೋಣ, ಗಾಡಿ ಹಾರುತ್ತೆ ಅಂದ. ನಿಜ ಹೇಳ್ತೀನಿ, ಹಾರುತ್ತೆ.”

“ಹಾರುತ್ತೆ! ಡಬ್ಬಿ ಏನು ಮಾಡ್ದ?”

“ಅವನೇ ಇಟ್ಕೊಂಡ. ಸುಟ್ಟುಹೋದ ಡಬ್ಬಿ, ನಂಗ್ಯಾಕೆ?”

“ಅದರೊಳಗೆ ಬೆಲೆಬಾಳೋ ಲೋಹ ಇರುತ್ತೆ ಅಣ್ಣ. ಅದಕ್ಕೇ ಅವನಿಗೆ ಅಷ್ಟು ಆತುರ. ನಿನ್ನ ಕೈಗೆ ತುಂಡು ಪೈಪು ಕೊಟ್ಟು ಕಳಿಸಿದ್ದಾನೆ.”

ಅಣ್ಣ ಕೈಗಡಿಯಾರ ನೋಡಿಕೊಂಡ. ಆಮೇಲೆ ದನಿ ತಗ್ಗಿಸಿ, “ಆಯ್ತು, ರಜೆ ಬಂದಾಗ ಹೊಸದು ಹಾಕಿಸ್ತೀನಿ. ಈಗ ಹೋದ ಸಲ ಮಾಡಿದ ಹಾಗೆ ಮಾಡಿಬಿಡು” ಎಂದ.

“ಆಗಲ್ಲ.”

“ಒಂದು ಗೇಣು ಈಚೆಗೆ ಎಳೆಯೋಕೆ ನಿನ್ನ ಗಂಟೇನು ಹೋಗುತ್ತೆ?”

“ನಾಲ್ಕು ಪಾಯಿಂಟ್ ಎರಡು ಅಣ್ಣ! ಗೇಣಲ್ಲ, ಮಾರು ಎಳೆದರೂ ಇಳಿಯಲ್ಲ. ಇಳಿದರೂ ನಾನು ಎಳೆಯಲ್ಲ.”

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಅವಳು ಚಿಕ್ಕವಳಿದ್ದಾಗ ಹಟ ಮಾಡಿದರೂ ಹಾಗೇ ನೋಡುತ್ತಿದ್ದ. ಆಮೇಲೆ ತಾನೇ ಕೊಳವೆಯನ್ನು ಕಿತ್ತು ನೆಲಕ್ಕೆ ಹಾಕಿ, “ನಿನ್ನ ಮೀಟರು ನಿನ್ನ ಹತ್ರನೇ ಇರಲಿ, ತಾಯಿ” ಎಂದು ವ್ಯಾನು ಹತ್ತಿ ಹೊರಟುಹೋದ.

ಕೆಲಸ ಸಾಗಲಿಲ್ಲ. ಎರಡು ಕಾರು, ಒಂದು ಬೈಕು ಬಂದುಹೋದವು. ಅವಳ ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ವ್ಯಾನಿನ ಅಡಿಯಲ್ಲೇ ಮಲಗಿತ್ತು. ಏನೋ ನೋಡಿದ್ದೇನೆ, ಅದೇನೆಂದು ಹೊಳೆಯುತ್ತಿಲ್ಲ ಎಂಬ ಕಿರಿಕಿರಿ; ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಚೂರಿನ ಹಾಗೆ.

ಮೂರೂ ಮುಕ್ಕಾಲಿಗೆ ಅತ್ತಿಗೆಯ ಫೋನು ಬಂತು.

“ನಿಮ್ಮಣ್ಣ ಅಲ್ಲಿಗೆ ಬಂದಿದ್ರಾ? ಬರುವಾಗ ತಲೆನೋವಿನ ಮಾತ್ರೆ ತರೋಕೆ ಹೇಳ್ಬೇಕಿತ್ತು. ಮನೇಲಿ ಒಂದೂ ಇಲ್ಲ.”

“ದಿನಾ ತಗೋತಾನಾ?”

“ಒಂದು ತಿಂಗಳಿಂದ ದಿನಾ. ಭಾನುವಾರ ಮಾತ್ರ ಇರಲ್ಲ ನೋಡು. ನಾನು ಮಕ್ಕಳ ಗಲಾಟೆಗೆ ಬರುತ್ತೆ ಅಂದ್ಕೊಂಡಿದ್ದೆ. ಆದ್ರೆ ಅವರು ಹೇಳೋದು ಬೇರೆ. ಈಗೀಗ ಮಕ್ಕಳು ತುಂಬ ಒಳ್ಳೆಯವಾಗಿವೆ, ಹತ್ತಿ ಕೂತ್ರೆ ಹಿಂದಿನ ಸೀಟಿನವು ನಿದ್ದೆ ಹೋಗ್ತಾವೆ, ಮನೆ ಬಂದಾಗ ಎಬ್ಬಿಸಿ ಇಳಿಸಬೇಕು ಅಂತ. ಆ ಮಾತಿನಮಲ್ಲಿ ಹುಡುಗಿ ಇದೆಯಲ್ಲ, ಅದೂ ಗಪ್‌ಚಿಪ್ಪಂತೆ. ನಮ್ಮ ವ್ಯಾನಿನಷ್ಟು ಶಾಂತವಾದ ವ್ಯಾನು ಇಡೀ ಶಾಲೇಲಿ ಇಲ್ಲ ಅಂತ ಬೀಗ್ತಾರೆ…”

ಅತ್ತಿಗೆ ಇನ್ನೂ ಏನೋ ಹೇಳುತ್ತಲೇ ಇದ್ದಳು. ಅವಳಿಗೆ ಕೇಳಿಸಲಿಲ್ಲ. ತಗಡಿನ ಮೇಲಿನ ಆ ಮಸಿ! ಮಸಿ ಸುಮ್ಮನೆ ಹಿಡಿಯುವುದಿಲ್ಲ. ಹಿಂದಿನ ವೆಲ್ಡಿಂಗು ಬಿರುಕು ಬಿಟ್ಟಿದೆ. ಹೊಗೆ ಬಾಲದವರೆಗೆ ಹೋಗದೆ ಅಲ್ಲೇ ಮೇಲಕ್ಕೆ ಚಿಮ್ಮುತ್ತಿದೆ. ಮೇಲೆ ಇರುವುದು ಹಿಂದಿನ ಸೀಟು. ಕನ್ವರ್ಟರಿನ ಹತ್ತಿರ ಒಂದು ಸೆನ್ಸರು ಇರುತ್ತದೆ, ಅದರ ವೈರು ನೆಲದ ತೂತಿನಿಂದ ವ್ಯಾನಿನೊಳಕ್ಕೆ ಹೋಗುತ್ತದೆ. ಡಬ್ಬಿ ತೆಗೆದವನು ವೈರನ್ನೂ ಕಿತ್ತಿರುತ್ತಾನೆ. ತೂತು ಮುಚ್ಚಿರುತ್ತಾನಾ? ಅಂಥವನು ತೂತು ಮುಚ್ಚುತ್ತಾನಾ?

ಅಣ್ಣನಿಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಮಕ್ಕಳು ಗಾಡಿಯಲ್ಲಿದ್ದಾಗ ಫೋನು ಮುಟ್ಟುವುದಿಲ್ಲ ಎಂಬುದು ಅವನ ನಿಯಮ. ತೆಗೆದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡುತ್ತಾನೆ. ಶಾಲೆಗೆ ಮಾಡಿದಳು. “ವ್ಯಾನುಗಳೆಲ್ಲ ಹೊರಟು ಕಾಲು ಗಂಟೆ ಆಯ್ತಲ್ಲ ಮೇಡಂ” ಎಂದಿತು ಒಂದು ದನಿ.

ಕೋಣೆಗೆ ಬೀಗ ಹಾಕಿದಳೋ ಇಲ್ಲವೋ ಅವಳಿಗೆ ಆಮೇಲೆ ನೆನಪಾಗಲಿಲ್ಲ. ಸ್ಕೂಟರು ಹತ್ತಿದಳು.

ಅಣ್ಣನ ದಾರಿ ಅವಳಿಗೆ ಗೊತ್ತಿತ್ತು. ಶಾಲೆಯಿಂದ ಗೋದಾಮುಗಳ ರಸ್ತೆ, ಅಲ್ಲಿಂದ ರೈಲ್ವೆ ಗೇಟು, ಗೇಟಿನಾಚೆ ಮಕ್ಕಳ ಮನೆಗಳು. ಗಾಡಿ ಓಡುತ್ತಿರುವಷ್ಟು ಹೊತ್ತು ಭಯ ಕಡಿಮೆ, ಹೊಗೆಯನ್ನು ಗಾಳಿ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಓಡುತ್ತಿರಲಿ. ದೇವರೇ, ಓಡುತ್ತಲೇ ಇರಲಿ. ಎದುರುಗಾಳಿಗೆ ಕಣ್ಣಿಗೆ ಧೂಳು ನುಗ್ಗುತ್ತಿತ್ತು. ಪಕ್ಕದಲ್ಲಿ ಹಾದ ಪ್ರತಿ ಕಾರಿನ, ಪ್ರತಿ ಬಸ್ಸಿನ ಕಿಟಕಿಯೂ ಮುಚ್ಚಿತ್ತು. ಈ ಧೂಳಿಗೆ, ಈ ಚಳಿಗೆ ಯಾರು ತೆರೆದಿಟ್ಟಾರು? ಅಣ್ಣನಂತೂ ಮಕ್ಕಳಿಗೆ ನೆಗಡಿಯಾದೀತೆಂದು ಒಂದೊಂದನ್ನೂ ತಾನೇ ಎಳೆದು ಮುಚ್ಚುವವನು.

ಗೋದಾಮಿನ ರಸ್ತೆಯ ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ಅವಳು ಚರಂಡಿಯ ಅಂಚಿಗೆ ಸ್ಕೂಟರು ಇಳಿಸಿ, ಬೈಗುಳ ತಿಂದು, ದಾಟಿದಳು. ಆಗ ದೂರದಲ್ಲಿ ಗೇಟು ಕಾಣಿಸಿತು. ಹಾಕಿತ್ತು. ಗೂಡ್ಸ್ ರೈಲು ಹೋಗುತ್ತಿತ್ತು, ಮುಗಿಯದ ಡಬ್ಬಿಗಳ ಸಾಲು. ಗೇಟಿನಿಂದ ಆರನೆಯದು ಅಣ್ಣನ ವ್ಯಾನು. ಇಂಜಿನ್ನು ಆನ್ ಆಗಿಯೇ ಇತ್ತು. ಬಾಲದ ಪೈಪು ನಡುಗುತ್ತಿತ್ತು. ಒಂದು ಕಿಟಕಿಯೂ ತೆರೆದಿರಲಿಲ್ಲ. ಅಣ್ಣನ ಪಕ್ಕದ್ದು ಮಾತ್ರ ನಾಲ್ಕು ಬೆರಳು ಇಳಿದಿತ್ತು.

ಅವಳು ಸ್ಕೂಟರನ್ನು ಅಲ್ಲೇ ಬಿಸಾಡಿ ಓಡಿದಳು.

“ಇಂಜಿನ್ ಆಫ್ ಮಾಡು! ಅಣ್ಣಾ, ಆಫ್ ಮಾಡು!”

ಅವನು ಬೆಚ್ಚಿ ತಿರುಗಿದ. “ಏನೇ ಇದು, ಬೀದಿಯಲ್ಲಿ…”

ಅವಳು ಅವನ ಬಾಗಿಲು ತೆಗೆದು, ಕೈ ತೂರಿಸಿ ತಾನೇ ಕೀಲಿ ತಿರುಗಿಸಿದಳು. ಪಕ್ಕದ ಬಾಗಿಲನ್ನು ಎಳೆದಳು. ಒಳಗಿನಿಂದ ಬಿಸಿಯಾದ, ಜಡವಾದ ಗಾಳಿ ಮುಖಕ್ಕೆ ಬಡಿಯಿತು. ಮುಂದಿನ ಮಕ್ಕಳು ಅರೆಗಣ್ಣು ಬಿಟ್ಟುಕೊಂಡು ಕೂತಿದ್ದವು. ಯಾವುದೂ ಕಿರುಚಲಿಲ್ಲ, ನಗಲಿಲ್ಲ. ಹನ್ನೊಂದು ಮಕ್ಕಳಿರುವ ಗಾಡಿ ಅದು.

“ಇಳೀರಿ, ಎಲ್ಲ ಇಳೀರಿ! ಅಣ್ಣ, ನೋಡ್ತಾ ನಿಲ್ಲಬೇಡ, ಇಳಿಸು!”

ಹಿಂದಿನ ಸೀಟಿನಲ್ಲಿ ಮೂವರು ಒಬ್ಬರ ಮೇಲೊಬ್ಬರು ಒರಗಿದ್ದರು. ಕನ್ನಡಕದ ಹುಡುಗನನ್ನು ಅಲುಗಾಡಿಸಿದರೆ ಎದ್ದು ಅಳತೊಡಗಿದ. ಅವನ ಪಕ್ಕದವನು ಇಳಿಯುತ್ತಲೇ ವಾಂತಿ ಮಾಡಿಕೊಂಡ. ಮೂಲೆಯಲ್ಲಿದ್ದ ಹುಡುಗಿಯನ್ನು ಎತ್ತಿಕೊಂಡರೆ ಕತ್ತು ಅವಳ ತೋಳಿನ ಮೇಲೆ ಹೂವಿನ ದಂಟಿನ ಹಾಗೆ ವಾಲಿತು. ಆರು ವರ್ಷದವಳು. ಅಣ್ಣ ಸಿಕ್ಕಾಗಲೆಲ್ಲ ಹೇಳಿ ನಗುತ್ತಿದ್ದ ಮಾತಿನಮಲ್ಲಿ ಇವಳೇ.

“ಪುಟ್ಟಾ… ಪುಟ್ಟಾ, ಕಣ್ಣು ಬಿಡು.”

ಬಿಡಲಿಲ್ಲ. ಉಸಿರು ಇತ್ತು. ಕೆನ್ನೆ ಕೆಂಪಗಿತ್ತು.

ರೈಲು ಹೋಗಿ ಗೇಟು ತೆರೆಯಿತು. ಹಿಂದಿನ ಗಾಡಿಗಳು ಒಟ್ಟಿಗೇ ಹಾರ್ನು ಹೊಡೆದವು. ವ್ಯಾನಿನ ಹಿಂದಿನ ಕಾರಿನಲ್ಲಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಇಳಿದು ಬಂದು, ಮಗುವಿನ ಮುಖ ನೋಡಿದವಳೇ, “ನನ್ನ ಕಾರು ಹತ್ತಿ” ಎಂದಳು. ಬೇರೆ ಏನೂ ಕೇಳಲಿಲ್ಲ.

ಅಣ್ಣ ಮರದ ಬೊಂಬೆಯಂತೆ ನಿಂತಿದ್ದ. ಅವಳು ಅವನ ಅಂಗಿ ಹಿಡಿದು ಅಲುಗಿಸಿದಳು. “ನೋಡು, ನಾನು ಈ ಮೂವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನೀನು ಉಳಿದವರನ್ನ ಇಲ್ಲೇ ಗಾಳಿಯಲ್ಲಿ ಕೂರಿಸು. ಮಲಗೋಕೆ ಬಿಡಬೇಡ, ಮಾತಾಡಿಸ್ತಾ ಇರು. ಎಲ್ಲರ ಮನೆಗೂ ಫೋನು ಮಾಡಿ, ಬಂದು ಆಸ್ಪತ್ರೆಗೆ ತೋರಿಸೋಕೆ ಹೇಳು. ಆ ಇಂಜಿನ್ ಮಾತ್ರ ಮುಟ್ಟಬೇಡ.”

“ನಾನು… ನಾನೇನು…” ಎಂದ ಅಣ್ಣ. ಆಮೇಲೆ ಫೋನಿನ ಪೆಟ್ಟಿಗೆಗೆ ಕೈ ಹಾಕಿದ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು ಹುಡುಗಿಯ ಬೆರಳಿಗೆ ಕ್ಲಿಪ್ಪು ಹಾಕಿ ಪಕ್ಕದ ಯಂತ್ರ ನೋಡಿದಳು. “ತೊಂಬತ್ತೆಂಟು ಇದೆ. ಆಕ್ಸಿಜನ್ ಚೆನ್ನಾಗೇ ಇದೆಯಲ್ಲ. ಊಟ ಮಾಡಿರಲಿಲ್ವಾ ಮಗು?”

“ಇಲ್ಲ ಸಿಸ್ಟರ್, ಗಾಡಿ ಹೊಗೆ ಕುಡಿದಿದೆ. ಸಿಒ. ರಕ್ತಕ್ಕೆ ಸೇರಿದೆ. ಆಕ್ಸಿಜನ್ ಹಾಕಿ.”

“ಸ್ಯಾಚುರೇಷನ್ ಸರಿಯಾಗಿದೆ ಅಂತಿದೀನಲ್ಲಮ್ಮ. ನೀವೇನು ಡಾಕ್ಟ್ರಾ?”

“ನಾನು ಹೊಗೆ ಅಳೆಯೋಳು!” ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. “ಆ ಯಂತ್ರಕ್ಕೆ ಸಿಒ ಯಾವುದು, ಆಕ್ಸಿಜನ್ ಯಾವುದು ಅಂತ ಗೊತ್ತಾಗಲ್ಲ. ಮೀಟರು ಸುಳ್ಳು ಹೇಳುತ್ತೆ ಸಿಸ್ಟರ್, ನಂಗೊತ್ತು. ದಯವಿಟ್ಟು ಡಾಕ್ಟರನ್ನ ಕರೀರಿ.”

ಗಲಾಟೆಗೆ ಒಳಗಿನಿಂದ ಡಾಕ್ಟರು ಬಂದರು. ಇನ್ನೂ ಚಿಕ್ಕ ವಯಸ್ಸಿನವರು. ಅವಳ ಎರಡು ಮಾತು ಕೇಳಿದ್ದೇ, “ಅವರು ಹೇಳ್ತಿರೋದು ಸರಿ. ಮೂವರಿಗೂ ಮಾಸ್ಕ್ ಹಾಕಿ, ಫುಲ್ ಆಕ್ಸಿಜನ್, ರಕ್ತ ಕಳಿಸಿ” ಎಂದರು.

ಆಮೇಲೆ ಕಾಯುವುದು. ಗೋಡೆಗೆ ಒತ್ತಿ ಹಾಕಿದ ಕಬ್ಬಿಣದ ಬೆಂಚು, ಫಿನಾಯಿಲಿನ ವಾಸನೆ, ಗಳಿಗೆಗೊಮ್ಮೆ ತೆರೆದು ಮುಚ್ಚುವ ಬಾಗಿಲು. ಬಾಗಿಲು ತೆರೆದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು. ಕೈಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಹೋದ ಸಲ ಫೇಲ್ ಮಾಡಿದ್ದರೆ? ಫೇಲ್ ಮಾಡಿದ್ದರೆ ಗಾಡಿ ನಿಲ್ಲುತ್ತಿತ್ತು, ಅಣ್ಣ ಬೈದುಕೊಂಡಾದರೂ ಹೊಸ ಡಬ್ಬಿ ಹಾಕಿಸುತ್ತಿದ್ದ. ಮೇಸ್ತ್ರಿಯ ಪೈಪು ಬರುತ್ತಿರಲಿಲ್ಲ. ಎಲ್ಲಿಂದ ಎಣಿಸಿದರೂ ಲೆಕ್ಕ ಅವಳ ಕೈಗೇ ಬಂದು ನಿಲ್ಲುತ್ತಿತ್ತು.

ಮಾತಿನಮಲ್ಲಿಯ ತಾಯಿ ಓಡಿಬಂದಳು. ಟೈಲರ್ ಅಂಗಡಿ ಇಟ್ಟುಕೊಂಡವಳು. ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಒಳಗೆ ಹೋಗಿ, ಮಗಳನ್ನು ನೋಡಿ, ಹೊರಗೆ ಬಂದು ಇವಳ ಎರಡೂ ಕೈ ಹಿಡಿದುಕೊಂಡಳು.

“ನೀವೇ ಅಂತೆ ಕಾಪಾಡಿದ್ದು. ಡಾಕ್ಟರ್ ಹೇಳಿದ್ರು, ಇನ್ನು ಅರ್ಧ ಗಂಟೆ ತಡವಾಗಿದ್ರೆ… ನಿಮ್ಮ ಋಣ ನಾನು ಹೇಗೆ ತೀರಿಸಲಿ?”

ಕೈ ಬಿಡಿಸಿಕೊಳ್ಳಬೇಕೆನ್ನಿಸಿತು. ಹೇಳಿಬಿಡಬೇಕೆನ್ನಿಸಿತು. “ಮೊದಲು ಮಗು ಏಳಲಿ” ಎಂದಷ್ಟೇ ಹೇಳಿದಳು.

ಆರೂವರೆಗೆ ಮಗು ಎದ್ದಿತು. ಮಾಸ್ಕಿನೊಳಗಿಂದಲೇ ಏನೋ ಗೊಣಗಿತು. ತಾಯಿ ಕಿವಿ ಕೊಟ್ಟು ಕೇಳಿ, ನಗುತ್ತ ಅಳುತ್ತ ಹೊರಗೆ ಬಂದಳು. “ನೀರಿನ ಬಾಟ್ಲಿ ವ್ಯಾನಲ್ಲೇ ಇದೆಯಂತೆ, ಮುಚ್ಚಳದ ಮೇಲೆ ಮೊಲ ಇದೆಯಂತೆ, ಯಾರಿಗೂ ಕೊಡಬಾರದಂತೆ!”

ಅವಳು ಬೆಂಚಿನ ಮೇಲೆ ಕುಸಿದಳು. ಆಗ ಬಂದ ಅಳು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಮಾರನೆಯ ದಿನ ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬರು ವ್ಯಾನನ್ನು ಎಳೆಸಿಕೊಂಡು ಅವಳ ಅಂಗಳಕ್ಕೇ ತಂದರು. ಹತ್ತಿರದಲ್ಲಿ ಬೇರೆ ಮೀಟರು ಇರಲಿಲ್ಲ. ಅಣ್ಣ ಒಂದು ಮೂಲೆಯಲ್ಲಿ ನಿಂತಿದ್ದ. ಒಂದೇ ದಿನದಲ್ಲಿ ಗಡ್ಡ ಬೆಳ್ಳಗಾದವನಂತೆ ಕಾಣುತ್ತಿದ್ದ. ಅವಳು ಹಿಂದಿನ ಸೀಟಿನ ಕೆಳಗಿನ ರಬ್ಬರ್ ಹಾಸು ಎತ್ತಿ ತೋರಿಸಿದಳು. ನೆಲದಲ್ಲಿ ಎರಡು ಬೆರಳು ತೂರುವಷ್ಟು ತೂತು. ಅದರ ಅಂಚಿನ ತುಂಬ ಮಸಿ.

ಆಮೇಲೆ ಕೊಳವೆಯನ್ನು ಸೈಲೆನ್ಸರಿಗೆ ಹಾಕದೆ ಒಳಗೆ ತಂದು ಹಿಂದಿನ ಸೀಟಿನ ಮೇಲೆ, ಒಂದು ಮಗುವಿನ ಮುಖ ಬರುವ ಎತ್ತರಕ್ಕೆ, ಕಟ್ಟಿ ನಿಲ್ಲಿಸಿದಳು. ಬಾಗಿಲು ಕಿಟಕಿ ಮುಚ್ಚಿ, ಇಂಜಿನ್ನು ಹಾಕಿ, ಎಲ್ಲರೂ ಹೊರಗೆ ನಿಂತರು. ಮೀಟರಿನಲ್ಲಿ ಸೊನ್ನೆ. ಎರಡು ನಿಮಿಷಕ್ಕೆ ಪಾಯಿಂಟ್ ಸೊನ್ನೆ ಒಂದು. ಐದು ನಿಮಿಷಕ್ಕೆ ಸೊನ್ನೆ ಮೂರು. ಹತ್ತಾಗುವಷ್ಟರಲ್ಲಿ ಸೊನ್ನೆ ಎಂಟು.

“ಇಷ್ಟೇನಾ?” ಎಂದರು ಅಧಿಕಾರಿ.

“ಸಾರ್, ಈ ಮೀಟರು ಇರೋದು ಗಾಡಿಯ ಬಾಲಕ್ಕೆ. ಮನುಷ್ಯರು ಉಸಿರಾಡೋ ಜಾಗದಲ್ಲಿ ಇದು ಸೊನ್ನೆ ಬಿಟ್ಟು ಅಲ್ಲಾಡಲೇಬಾರದು. ಇಷ್ಟರಲ್ಲಿ ಒಂದೆರಡು ಗಂಟೆ ಕೂತ್ರೆ ದೊಡ್ಡವರೂ ಏಳಲ್ಲ.”

ಅಣ್ಣ ಮುಖ ತಿರುಗಿಸಿಕೊಂಡ.

ಅಧಿಕಾರಿ ಕಾಗದದ ಕಟ್ಟು ತಿರುವಿದರು. “ಕಳೆದ ಸರ್ಟಿಫಿಕೇಟು ನಿಮ್ಮದೇ. ಪಾಯಿಂಟ್ ನಾಲ್ಕು, ಪಾಸ್. ಅಂದ್ರೆ ಆಗ ಗಾಡಿ ಸರಿಯಾಗಿತ್ತು. ಆಮೇಲೆ ಕೆಟ್ಟಿದೆ. ಹಾಗೆ ಬರ್ಕೊಳ್ಳಲಾ?”

ಅವರು ಪೆನ್ನು ತೆರೆದು ಹಿಡಿದಿದ್ದರು. ಹೂಂ ಎಂದರೆ ಮುಗಿಯಿತು. ಅಣ್ಣ ಬಾಯಿ ಬಿಡುವುದಿಲ್ಲ, ಅದು ಅವಳಿಗೆ ಗೊತ್ತು. ಹದಿನಾಲ್ಕು ವರ್ಷದ ಹೆಸರು, ಈ ತಗಡಿನ ಕೋಣೆ, ಮನೆಯ ಒಲೆ ಉರಿಯುವುದು, ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂತು.

“ಇಲ್ಲ ಸಾರ್. ಆಗಲೂ ಫೇಲಾಗಿತ್ತು. ಪಾಯಿಂಟ್ ಒಂಬತ್ತು. ನಾನು ಕೊಳವೆ ಈಚೆಗೆ ಎಳೆದು ಪಾಸ್ ಮಾಡಿದೆ.”

ಪೆನ್ನು ನಿಂತಿತು. “ಏನು ಹೇಳ್ತಿದೀರಿ ಅಂತ ಗೊತ್ತಿದೆ ತಾನೇ?”

“ಗೊತ್ತಿದೆ. ಬರ್ಕೊಳ್ಳಿ.”

“ಸಾರ್, ನಾನೇ ಬಲವಂತ ಮಾಡಿದ್ದು” ಎಂದು ಅಣ್ಣ ಮುಂದೆ ಬಂದ. “ಅವಳದೇನೂ ತಪ್ಪಿಲ್ಲ.”

“ಎಳೆದ ಕೈ ನಂದೇ ಅಣ್ಣ” ಎಂದಳು ಅವಳು.

ಕೇಂದ್ರಕ್ಕೆ ಆರು ತಿಂಗಳು ಬೀಗ ಬಿತ್ತು. ವ್ಯಾನಿನ ಪರ್ಮಿಟ್ಟು ಹೋಯಿತು. ಮೇಸ್ತ್ರಿಯ ಗ್ಯಾರೇಜನ್ನು ಪೊಲೀಸರು ಶೋಧಿಸಿದಾಗ ಹಿಂದಿನ ಕೋಣೆಯಲ್ಲಿ ಹತ್ತಾರು ಡಬ್ಬಿಗಳು ಸಿಕ್ಕವು. ಅವನ ಮೇಲೂ ಅಣ್ಣನ ಮೇಲೂ ಕೇಸು ದಾಖಲಾಯಿತು. ಅಣ್ಣ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ. ಅತ್ತಿಗೆ ಫೋನಿನಲ್ಲಿ, “ನಿಜ ಹೇಳಿದ್ದು ಸರಿ ಕಣೇ. ಆದ್ರೂ ನನ್ನ ಹೊಟ್ಟೆ ಉರಿಯುತ್ತೆ” ಎಂದಳು. ಅತ್ತಿಗೆಯ ಮಾತು ಅವಳಿಗೆ ಸಹಜವಾಗಿಯೇ ಕಂಡಿತು.

ಟೈಲರ್ ತಾಯಿಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ತಾನೇ ಹೋಗಿ ಹೇಳಿದಳು. ಆಕೆ ಹೊಲಿಯುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ ಪೂರ್ತಿ ಕೇಳಿಸಿಕೊಂಡಳು. ಮಿಷನ್ನಿನ ಚಕ್ರ ನಿಂತಿತ್ತು. “ಸರಿ, ನೀವಿನ್ನು ಹೊರಡಿ” ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಅವಳು ಮನೆಯ ಬಾಗಿಲು ತೆರೆದರೆ ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಎಷ್ಟು ಹೊತ್ತಿನಿಂದಲೋ.

“ಬಾಗಿಲು ಬಡಿಯೋಕೆ ಏನಾಗಿತ್ತು?”

“ಧೈರ್ಯ ಬರಲಿಲ್ಲ.” ಅವನು ನೆಲ ನೋಡುತ್ತಲೇ ಹೇಳಿದ. “ಹನ್ನೊಂದು ಮನೆಗೂ ಹೋಗಿಬಂದೆ. ಒಬ್ಬರು ಬಾಗಿಲು ಹಾಕ್ಕೊಂಡ್ರು. ಒಬ್ಬರು ಕೂರಿಸಿ ನೀರು ಕೊಟ್ರು. ಅದೇ ಇನ್ನೂ ಕಷ್ಟ ಆಯ್ತು.”

ಅವಳು ಪಕ್ಕದಲ್ಲಿ ಕೂತಳು.

“ನಿನ್ನೆ ಗೊತ್ತಾಯ್ತು, ಮೇಸ್ತ್ರಿ ಇನ್ನೂ ನಾಲ್ಕು ಶಾಲೆ ವ್ಯಾನಿಗೆ ಇದೇ ಪೈಪು ಹಾಕಿದ್ದಾನೆ” ಎಂದ ಅಣ್ಣ. “ಆ ಡ್ರೈವರುಗಳು ನಂಗೆ ಗೊತ್ತು. ಅಧಿಕಾರಿಗೆ ಹೇಳಿದ್ದೀನಿ, ನೋಟಿಸು ಹೋಗೋಕೆ ಹತ್ತು ದಿನ ಬೇಕಂತೆ. ಹತ್ತು ದಿನ ಅಂದ್ರೆ ಎಷ್ಟು ಟ್ರಿಪ್ಪು, ನೀನೇ ಹೇಳು. ನಿನ್ನೆ ರಾತ್ರಿ ಕಣ್ಣು ಮುಚ್ಚಲಿಲ್ಲ. ನೀನು ಒಬ್ಬಳೇ ಹೋದ್ರೆ ಗಾಡಿ ಮುಟ್ಟೋಕೆ ಬಿಡಲ್ಲ. ನಾನು ಒಬ್ಬನೇ ಹೋದ್ರೆ ಏನು ನೋಡಬೇಕು ಅಂತ ನಂಗೆ ತಿಳಿಯಲ್ಲ.”

ಅವಳು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.

ಮೊದಲನೆಯ ವ್ಯಾನು ಮಾರುಕಟ್ಟೆಯ ಹಿಂದೆ ಸಿಕ್ಕಿತು. ಅದರ ಡ್ರೈವರು ದಪ್ಪನೆಯ ಆಸಾಮಿ. ಅಣ್ಣನನ್ನು ಕಂಡು, “ನಿನ್ನ ಗಾಡಿ ಹೋಯ್ತು ಅಂತ ನಮ್ಮದಕ್ಕೂ ಕಣ್ಣು ಹಾಕೋಕೆ ಬಂದ್ಯಾ?” ಎಂದು ಬಾಗಿಲಿಗೆ ಅಡ್ಡ ನಿಂತ. ಅಣ್ಣ ಜಗಳಕ್ಕೆ ಹೋಗಲಿಲ್ಲ. ಗೇಟಿನ ಹತ್ತಿರ ನಡೆದದ್ದನ್ನು, ಆ ಮಗುವಿನ ಕತ್ತು ವಾಲಿದ್ದನ್ನು, ಒಂದನ್ನೂ ಬಿಡದೆ ಹೇಳಿದ. ಡ್ರೈವರು ಮೊದಲು ಸೊಂಟದಿಂದ ಕೈ ತೆಗೆದ. ಆಮೇಲೆ ಬಾಗಿಲಿನಿಂದ ಸರಿದ.

ಅವಳು ಹಿಂದಿನ ಹಾಸು ಎತ್ತಿದಳು. ತೂತು ಇತ್ತು. ಅಂಚು ಕಪ್ಪಾಗಿತ್ತು.

“ಅಯ್ಯೋ” ಎಂದ ಡ್ರೈವರು ಸಣ್ಣ ದನಿಯಲ್ಲಿ. “ಹದಿಮೂರು ಮಕ್ಕಳು ಕಣಣ್ಣ. ಈಗ ಸಂಜೆ ಟ್ರಿಪ್ಪಿಗೆ ಏನು ಮಾಡ್ಲಿ? ಅವರ ಅಪ್ಪ ಅಮ್ಮಂದಿರಿಗೆ ಏನಂತ ಹೇಳ್ಲಿ?”

“ನಂಬರು ಕೊಡು” ಎಂದ ಅಣ್ಣ. ವ್ಯಾನಿನ ಮೆಟ್ಟಿಲ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ಮೊದಲ ಮನೆಗೆ ಫೋನು ಹಚ್ಚಿದ. “ನಮಸ್ಕಾರಮ್ಮ. ಮಗುನ ಇವತ್ತು ನೀವೇ ಬಂದು ಕರ್ಕೊಂಡು ಹೋಗ್ಬೇಕು. ಯಾಕೆ ಅಂತ ಹೇಳ್ತೀನಿ, ಗಾಬರಿ ಆಗ್ಬೇಡಿ…”

ಅವಳು ತೂತಿನ ಅಳತೆ ಬರೆದುಕೊಂಡು, ಪೈಪು ನೋಡಲು ಗಾಡಿಯ ಅಡಿಗೆ ಇಳಿದಳು.